ಹಡಗಿನ ಚಿಕ್ಕಪ್ಪ, ಅವ್ವನ ತಟ್ಟೆ

ನನಗೆ ಮೊಮ್ಮಗ ಹುಟ್ಟಿದ್ದಾನೆ. ಮಿಕ್ಕಿದ್ದೆಲ್ಲ ಆಮೇಲೆ, ಮೊದಲು ಇದನ್ನು ಬರೆದುಬಿಡುತ್ತೇನೆ. ನನ್ನ ಮಗಳು ಶೋಭಾಗೆ ತಿಪಟೂರಿನ ಆಸ್ಪತ್ರೆಯಲ್ಲಿ ಹೆರಿಗೆಯಾಗಿ, ಇವತ್ತು ಮಧ್ಯಾಹ್ನ ತಾಯಿ ಮಗು ಇಬ್ಬರೂ ಬಿಳಿಗೆರೆಯ ನನ್ನ ತವರುಮನೆಗೆ ಬಂದರು. ಕೂಸಿಗೆ ತಲೆ ತುಂಬ ಕೂದಲು. ಕಿವಿ ನಮ್ಮಪ್ಪನದು. ಅಳು ಮಾತ್ರ ಯಾರದೋ ಗೊತ್ತಿಲ್ಲ, ಅಂಥ ಗಂಟಲು ನಮ್ಮ ಕಡೆ ಯಾರಿಗೂ ಇಲ್ಲ. ಹಿಂದೆ ಎರಡು ಸಲ ಶೋಭಾಳ ಹೊಟ್ಟೆಯಲ್ಲಿ ನಿಲ್ಲದೆ ಹೋಗಿತ್ತು. ಹಾಗಾಗಿ ಈ ಸಲ ದಬ್ಬೇಘಟ್ಟದ ನನ್ನ ಮನೆಯಲ್ಲಿ ಇಟ್ಟುಕೊಳ್ಳದೆ, ಆಸ್ಪತ್ರೆಗೆ ಹತ್ತಿರ ಅಂತ ಇಲ್ಲಿಗೇ ಕರೆತಂದಿದ್ದೆ. ತಿಂಗಳುಗಟ್ಟಲೆ ಉಸಿರು ಬಿಗಿಹಿಡಿದು ಓಡಾಡಿದವಳಿಗೆ ಈಗ ಕೈಕಾಲು ಒಂದು ಕಡೆ ನಿಲ್ಲುತ್ತಿಲ್ಲ. ನಗು ಬರುತ್ತದೆ, ಅದರ ಹಿಂದೆಯೇ ಎದೆ ಹೊಡೆದುಕೊಳ್ಳುತ್ತದೆ. ಈ ಮನೆಯಲ್ಲಿ ಬೆಳೆದವರಿಗೆ ಹೆದರದೆ ಸಂತೋಷಪಡುವುದು ಬರುವುದಿಲ್ಲ. ಅದು ಹೇಗೆ ಬಂತು ಅನ್ನುವುದನ್ನೂ ಇವತ್ತೇ ಬರೆಯಬೇಕು, ಯಾಕೆಂದರೆ ಇವತ್ತು ಮಗು ಮನೆಗೆ ಬಂದದ್ದಲ್ಲದೆ ಇನ್ನೊಂದೂ ನಡೆಯಿತು. ನಾನು ಓದಿದ್ದು ನಾಲ್ಕನೇ ಕ್ಲಾಸು. ನನಗೆ ಬಂದ ಹಾಗೆ ಬರೆಯುತ್ತೇನೆ.

ನಮ್ಮ ಮನೆ ತೆಂಗಿನ ತೋಟದ ಒಳಗೇ ಇದೆ. ಮುಂದೆ ಜಗಲಿ, ಒಳಗೆ ನಡುಮನೆ, ಅದರ ಮೇಲೆ ಅಟ್ಟ. ಅಟ್ಟದ ತುಂಬ ಸಿಪ್ಪೆ ಸಮೇತ ಕಾಯಿ. ಕಾಯಿ ಅಲ್ಲಿ ಹತ್ತಿರ ಹತ್ತಿರ ವರ್ಷ ಕೂತು, ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು, ಆಗ ಉಂಡೆ ಕೊಬ್ಬರಿ. ಕೆಳಗೆ ನಾವು ಉಂಡು ಮಲಗುವುದು, ಮೇಲೆ ಕಾಯಿ ಒಣಗುವುದು. ಬೇರೆಯವರ ಮನೆಯಲ್ಲಿ ಅಟ್ಟ ಹತ್ತಿ ಕಾಯಿ ತಿರುವಿಹಾಕುವುದು ಗಂಡಸರ ಕೆಲಸ. ನಮ್ಮಲ್ಲಿ ಹೆಂಗಸರು, ಹೆಣ್ಣುಮಕ್ಕಳು ಮಾತ್ರ ಏಣಿ ಹತ್ತುತ್ತಿದ್ದೆವು. ಗಂಡಸರ ಕಾಲು ನೆಲ ಬಿಡಬಾರದು. ಇದು ಅವ್ವನ ಕಟ್ಟಳೆ. ಅವ್ವ ಅಂದರೆ ಅಪ್ಪನ ತಾಯಿ, ನನಗೆ ಅಜ್ಜಿ. ಮಕ್ಕಳು ಮೊಮ್ಮಕ್ಕಳೆಲ್ಲ ಅವಳನ್ನು ಅವ್ವ ಅಂತಲೇ ಕರೆಯುವುದು.

ನಾನು ತೀರ ಚಿಕ್ಕವಳಿದ್ದಾಗ ಮನೆಗೆ ನೆಂಟರು ಬಂದಿದ್ದರು. ಮರ ಹತ್ತುವವನು ಅವತ್ತು ಬಂದಿರಲಿಲ್ಲ. ನೆಂಟರಿಗೆ ಎಳನೀರು ಕೊಡದೆ ಕಳಿಸುವುದು ಹೇಗೆ ಅಂತ ತಾತ ತಾನೇ ಹತ್ತಿದ. ನಾನು ನೋಡಲಿಲ್ಲ, ಸದ್ದು ಕೇಳಿದೆ. ಕಾಯಿ ಬಿದ್ದರೆ ದೊಪ್ ಅನ್ನುತ್ತದಲ್ಲ, ಅದೇ ಸದ್ದು, ಸ್ವಲ್ಪ ಮೆತ್ತಗೆ. ಅವ್ವ ಒಲೆ ಮುಂದೆ ಕೂತವಳು, "ಕಾಯಿ ಬಿತ್ತು, ಎತ್ಕೊಂಬಾರೇ" ಅಂತ ನನ್ನನ್ನೇ ಕಳಿಸಿದಳು.

ಅಲ್ಲಿಂದ ಮುಂದೆ ತೋಟದಲ್ಲಿ ಕಾಯಿ ಬಿದ್ದಾಗಲೆಲ್ಲ ನಮ್ಮ ಮನೆ ಬೆಚ್ಚುತ್ತಿತ್ತು. ತೆಂಗಿನ ತೋಟದಲ್ಲಿ ಕಾಯಿ ಬೀಳುವುದೇನು ಹೊಸದೇ? ಉಣ್ಣುವಾಗ ಬೀಳುತ್ತದೆ, ಮಾತಾಡುವಾಗ ಬೀಳುತ್ತದೆ. ದೊಪ್ ಅಂದ ಕೂಡಲೇ ಅವ್ವ ಇದ್ದಲ್ಲಿಂದಲೇ ಒಬ್ಬೊಬ್ಬರ ಹೆಸರು ಕೂಗಬೇಕು, ಮನೆಯ ಗಂಡಸರು ಎಲ್ಲಿದ್ದರೂ ಓಗೊಡಬೇಕು. ಅಪ್ಪ ಕೊಟ್ಟಿಗೆಯಿಂದ "ಇಲ್ಲಿವ್ನಿ ಕಣವ್ವ" ಅನ್ನುತ್ತಿದ್ದ. ಆಮೇಲೆ ಅವಳ ಕಿರಿಮಗ ಪುಟ್ಟರಾಜು, ನನ್ನ ಚಿಕ್ಕಪ್ಪ. ಅವನು ಓಗೊಡುವವರೆಗೆ ಅವ್ವನ ಕೈ ಎಲ್ಲಿತ್ತೋ ಅಲ್ಲೇ. ಹಿಟ್ಟು ತೊಳಸುತ್ತಿದ್ದರೆ ಕೋಲು ಅಲ್ಲೇ ನಿಲ್ಲುತ್ತಿತ್ತು. ಚಿಕ್ಕಪ್ಪ ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವನು. ಅವನು ಮುಂದೆ ಊರಿಗೆಲ್ಲ ಸಾಹೇಬರಾದರೂ ನನ್ನ ಬಾಯಲ್ಲಿ ಅವನಿಗೆ ಬಹುವಚನ ಬರಲೇ ಇಲ್ಲ.

ಒಂದು ದಿನ ಬಾವಿಯ ಹತ್ತಿರ ನಿಂತಿದ್ದೆ. ಮೇಲೆ ಸರಸರ ಅಂತು. ತಲೆ ಎತ್ತಿದರೆ ಚಿಕ್ಕಪ್ಪ ಮರದ ಸುಳಿಯಲ್ಲಿ ಕೂತಿದ್ದಾನೆ! ಅವನ ಕಾಲು ತಾಗಿ ಒಂದು ಕಾಯಿ ಉದುರಿ ದೊಪ್ ಅಂತ ಬಿತ್ತು. ಒಳಗಿಂದ ಅವ್ವ ಕೂಗಿದಳು. ಅಪ್ಪ ಓಗೊಟ್ಟ. ಅವ್ವ "ಪುಟ್ಟಾ" ಅಂದಳು. ಮೇಲಿರುವವನು ಅಲ್ಲಿಂದಲೇ ಓಗೊಟ್ಟರೆ ದನಿ ಮೇಲಿಂದ ಬಂತು ಅಂತ ಗೊತ್ತಾಗಿಬಿಡುತ್ತದೆ. ಜಾರಿದ ನೋಡಿ, ಮರ ತಬ್ಬಿಕೊಂಡು ಒಂದೇ ಸಮ ಜಾರಿಬಂದ. ಅವ್ವ ಇನ್ನೊಂದು ಸಲ ಕೂಗಿದಳು, ದನಿ ಒಡೆದಿತ್ತು. ನೆಲಕ್ಕೆ ಕಾಲು ತಾಗಿದ ಮೇಲೆ ಚಿಕ್ಕಪ್ಪ, "ಬಾವಿ ತಾವ ಇವ್ನಿ ಕಣವ್ವ" ಅಂದ. ಎದೆಯ ಚರ್ಮ ಕಿತ್ತು ರಕ್ತ ಜಿನುಗುತ್ತಿತ್ತು. ಅದರ ಮೇಲೆ ನೀರು ಸುರಿದುಕೊಳ್ಳುತ್ತಾ ನಗುತ್ತಿದ್ದ.

"ಹೇಳ್ಬೇಡ ಕಣೇ ಜಯಾ. ಮೇಲಿಂದ ನೋಡಿದ್ರೆ ತೋಟ ಒಂದು ಹಸಿರು ಚಾಪೆ ಹಾಸ್ದಂಗೈತೆ. ಕೆರೆ ಅಂಗೈಯಷ್ಟು ಕಾಣುತ್ತೆ."

"ಬಿದ್ದಿದ್ರೆ?"

"ಬೀಳಲ್ಲ ಬುಡು."

ನನಗೆ ಅವತ್ತು ಜ್ವರ ಬಂತು.

ತುಮಕೂರಿನಲ್ಲಿ ಓದಿ, ಯಾವುದೋ ಪರೀಕ್ಷೆ ಪಾಸು ಮಾಡಿ, ಚಿಕ್ಕಪ್ಪ ನೌಕಾಪಡೆಗೆ ಸೇರಿದ. ಸಮುದ್ರ ಕಂಡವರು ನಮ್ಮೂರಲ್ಲಿ ಯಾರಿದ್ದರು? ಅವ್ವ ಕೇಳಿದ್ದು ಒಂದೇ ಮಾತು, "ನೆಲ ಬುಡೋ ಕೆಲಸ ಅಲ್ಲ ತಾನೆ?" ಚಿಕ್ಕಪ್ಪ, "ಹಡಗು ಕಣವ್ವ, ನೀರ ಮೇಲೆ" ಅಂದ. ಕೆರೆಯಲ್ಲಿ ಮೀನಿನ ಹಾಗೆ ಈಜುವವನು, ನೀರು ಅವನನ್ನು ಏನು ಮಾಡುತ್ತದೆ ಅಂತ ಅವ್ವನಿಗೆ ಧೈರ್ಯ. ಹೊರಡುವ ದಿನ ಅವನು ನನ್ನನ್ನು ಬಣವೆ ಹತ್ತಿರ ಕರೆದು ನಿಜ ಹೇಳಿದ. ಅಪ್ಪನಿಗೂ ಹೇಳಿದ್ದ. ಅವನು ಕಲಿಯಲು ಹೊರಟದ್ದು ವಿಮಾನ ಹಾರಿಸುವುದನ್ನು. ಅದೂ ನೆಲದ ಮೇಲೆ ಇಳಿಯುವ ವಿಮಾನ ಅಲ್ಲ. ಹಡಗಿನಿಂದಲೇ ಏಳಬೇಕು, ಓಡುತ್ತಿರುವ ಹಡಗಿಗೇ ವಾಪಸು ಬಂದು ಇಳಿಯಬೇಕು. ಹೋಗುತ್ತಿರುವ ಎತ್ತಿನ ಗಾಡಿಯ ಮೂಕಿ ಮೇಲೆ ಕಾಗೆ ಬಂದು ಕೂರುವುದಿಲ್ಲವೇ, ಹಾಗೆ ಅಂತ ತಿಳಿಸಿಕೊಟ್ಟ. ವಿಮಾನದ ಬಾಲದಲ್ಲಿ ಒಂದು ಕೊಕ್ಕೆ ಇರುತ್ತದಂತೆ. ಹಡಗಿನ ಮೇಲೆ ಅಡ್ಡಡ್ಡ ಬಿಗಿದ ಹಗ್ಗಕ್ಕೆ ಅದು ಸಿಕ್ಕಿಕೊಂಡರೆ ನಿಂತಿತು. ಸಿಕ್ಕದಿದ್ದರೆ ಮತ್ತೆ ಎದ್ದು ಒಂದು ಸುತ್ತು ಹಾಕಿ ಬರಬೇಕು. ಅಷ್ಟಕ್ಕೆ ಎಣ್ಣೆ ಇಲ್ಲದಿದ್ದರೆ ಕೆಳಗೆ ಸಮುದ್ರವೇ. ಅಂತೂ ಈ ಮಾತು ಅಪ್ಪನಿಂದ ಅಮ್ಮನಿಗೆ ಹೋಯಿತು, ಆಮೇಲೆ ಊರಿಗೂ ಹೋಯಿತು. ಆದರೆ ಅವ್ವನ ಮುಂದೆ ಎಲ್ಲರ ಬಾಯಲ್ಲೂ ಹಡಗು. ಅಪ್ಪ ಊರವರ ಕೈ ಹಿಡಿದು ಕೇಳಿಕೊಂಡಿದ್ದ. ಅಲ್ಲಿಂದ ಚಿಕ್ಕಪ್ಪನಿಗೆ ಊರಲ್ಲಿ ಹಡಗಿನ ಪುಟ್ಟರಾಜು ಅಂತಲೇ ಹೆಸರಾಯಿತು.

ಬಂಗಾಳದ ಕಡೆ ಯುದ್ಧ ಹತ್ತಿದಾಗ ನಾನು ಚೊಚ್ಚಲ ಬಸುರಿ, ಹೆರಿಗೆಗೆ ಇದೇ ಮನೆಗೆ ಬಂದಿದ್ದೆ. ಆ ದಿನಗಳಲ್ಲಿ ನಡುಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ. ಸಂಜೆಯಾದರೆ ಅಪ್ಪ ಮೇಷ್ಟರ ಮನೆಗೆ ರೇಡಿಯೋ ಕೇಳಲು ಹೋಗುತ್ತಿದ್ದ. ಅವನು ಬರುವ ಹೆಜ್ಜೆಯ ಸದ್ದಿನಲ್ಲೇ ಅಮ್ಮ ಸುದ್ದಿ ಒಳ್ಳೆಯದೋ ಕೆಟ್ಟದ್ದೋ ಅಂತ ಗುರುತು ಹಿಡಿಯುತ್ತಿದ್ದಳು. ಒಂದು ಮಧ್ಯಾಹ್ನ ಊರ ಮೇಲೆ ವಿಮಾನ ಹೋಯಿತು. ನಾವೆಲ್ಲ ಒಳಗೆ ಓಡಿದರೆ ಅವ್ವ ಅಂಗಳಕ್ಕೆ ಓಡಿದಳು. ಸದ್ದು ಪೂರ್ತಿ ಸಾಯುವವರೆಗೆ ಕೊರಳು ಎತ್ತಿಕೊಂಡು ನಿಂತೇ ಇದ್ದಳು. ಬಾಂಬಿಗೆ ಹೆದರಿ ದಿಕ್ಕು ತಪ್ಪಿದಳು ಅಂದುಕೊಂಡು ಅಮ್ಮ ಹೋಗಿ ಕೈ ಹಿಡಿದು ಎಳೆದುಕೊಂಡು ಬಂದಳು.

ನನಗೆ ನೋವು ಹತ್ತಿದ ಸಂಜೆಯೇ ಅಪ್ಪ ರೇಡಿಯೋ ಕೇಳಿಕೊಂಡು ಬಂದು ಜಗಲಿಯಲ್ಲಿ ಕೂತುಬಿಟ್ಟ. ಒಳಗೆ ಬರಲಿಲ್ಲ. ಸೂಲಗಿತ್ತಿಗೆ ಬಿಸಿನೀರು ಕೊಡುತ್ತಿದ್ದ ಅವ್ವ ಚೊಂಬು ಹಿಡಿದುಕೊಂಡೇ ಹೊರಗೆ ಹೋದಳು. ಕೋಣೆಯೊಳಗೆ ನನಗೆ ಎಲ್ಲ ಕೇಳುತ್ತಿತ್ತು.

"ಏನಂತ್ಲಾ ರೇಡಿಯೋ?"

"ಏನಿಲ್ಲ ಕಣವ್ವ."

"ಮೊಕ ನೋಡಿದ್ರೆ ಗೊತ್ತಾಗಲ್ವಾ? ಬೊಗಳು."

"ನಮ್ಮ ಕಡೇದು ಒಂದು ಹಡಗು ಮುಳುಗೈತಂತೆ. ಪುಟ್ಟಂದಲ್ಲ ಅವ್ವ. ಆ ಕಡೆ ಸಮುದ್ರದ್ದು."

ಈಗ ಅವ್ವ ಬೋರಾಡಿ ಅಳುತ್ತಾಳೆ ಅಂತ ನನ್ನ ನೋವು ಮರೆತು ಕಾದೆ. ಅವಳು ಅಳಲಿಲ್ಲ. ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಗುಜುಗುಜು ಮಾತು ಕೇಳಿಸಿತು, ಏನು ಅಂತ ತಿಳಿಯಲಿಲ್ಲ. ಯಾರ ಜೊತೆಯೋ ಚೌಕಾಶಿ ಮಾಡುವ ದನಿ. ದೀಪ ಹಚ್ಚುವ ಹೊತ್ತಿಗೆ ಶೋಭಾ ಹುಟ್ಟಿದಳು. ಅವ್ವ ಬಂದು ಕೂಸನ್ನು ಎತ್ತಿಕೊಂಡಾಗ ಅವಳ ಕೈ ಮಂಜಿನ ಹಾಗೆ ತಣ್ಣಗಿತ್ತು.

ಯುದ್ಧ ಮುಗಿದು ಎಷ್ಟೋ ದಿನದ ಮೇಲೆ ಚಿಕ್ಕಪ್ಪ ಬದುಕಿದ್ದಾನೆ ಅಂತ ತಿಳಿಯಿತು. ಮಾವಿನ ಕಾಯಿ ಬರುವ ಕಾಲಕ್ಕೆ ಊರಿಗೆ ಬಂದ. ನಡೆದದ್ದನ್ನು ಅಪ್ಪನಿಗೂ ನನಗೂ ತೋಟದ ತುದಿಯಲ್ಲಿ ಕೂತು ಹೇಳಿದ. ವೈರಿಗಳ ಬಂದರಿನ ಮೇಲೆ ಬಾಂಬು ಹಾಕಿ ತಿರುಗುವಾಗ ಅವನ ಜೊತೆಯವನ ವಿಮಾನಕ್ಕೆ ಕೆಳಗಿನಿಂದ ಗುಂಡು ಬಿತ್ತಂತೆ. ಹೊಗೆ ಬರುತ್ತಿತ್ತು, ಆ ಹುಡುಗನಿಗೆ ದಿಕ್ಕು ಕಾಣುತ್ತಿರಲಿಲ್ಲ. ಚಿಕ್ಕಪ್ಪನ ರೆಕ್ಕೆಯಲ್ಲೂ ತಲೆ ತೂರುವಷ್ಟು ತೂತು. ಆದರೂ ಬಿಟ್ಟುಬರದೆ ಅವನ ಪಕ್ಕದಲ್ಲೇ ನಿಧಾನ ಹಾರಿಕೊಂಡು, ಹಡಗಿನವರೆಗೆ ಕರೆತಂದು, ಮೊದಲು ಅವನನ್ನು ಇಳಿಸಿದ. ಆಮೇಲೆ ತಾನು ಇಳಿಯುವಾಗ ಎಣ್ಣೆ ಇನ್ನೊಂದು ಸುತ್ತಿಗೆ ಸಾಲುತ್ತಿರಲಿಲ್ಲ. "ಕೊಕ್ಕೆ ಸಿಕ್ತು ಬುಡು" ಅಂದ. ಅದನ್ನು ಕೇಳಿ ಅಪ್ಪ ಎದ್ದು ಹೋಗಿ ಮರದ ಹಿಂದೆ ವಾಂತಿ ಮಾಡಿಕೊಂಡ. ಇದಕ್ಕೇ ರಾಷ್ಟ್ರಪತಿಗಳ ಕೈಯಿಂದ ಚಿಕ್ಕಪ್ಪನಿಗೆ ಪದಕ ಆಯಿತು. ಸ್ಕೂಲಿನಲ್ಲಿ ಸನ್ಮಾನ ಇಟ್ಟರು. ಅವ್ವ ಮಂಡಿನೋವು ಅಂತ ಹೋಗಲಿಲ್ಲ, ನಮ್ಮೆಲ್ಲರಿಗೂ ಹೋದ ಜೀವ ಬಂತು. ಪದಕವನ್ನು ಚಿಕ್ಕಪ್ಪ ಟ್ರಂಕಿನ ತಳಕ್ಕೆ ಹಾಕಿದ.

ಅವನು ಬಂದ ದಿನವೇ ಶುರುವಾದದ್ದು ಇನ್ನೊಂದು. ಚಿಕ್ಕಂದಿನಿಂದ ಚಿಕ್ಕಪ್ಪ ಉಣ್ಣುತ್ತಿದ್ದದ್ದು ಅವ್ವನ ಪಕ್ಕದಲ್ಲೇ, ಮಂಡಿಗೆ ಮಂಡಿ ತಾಗಿಸಿಕೊಂಡು. ತಾತ ಹೋದ ಮೇಲೆ ಅವ್ವ ಒಂದು ತುತ್ತು ಉಂಡಿದ್ದರೆ ಅದು ಅವನು ಪಕ್ಕದಲ್ಲಿ ಕೂತಿದ್ದಕ್ಕೆ. ಅವತ್ತು ಅಮ್ಮ ಮುದ್ದೆ, ಹುರುಳಿ ಬಸ್ಸಾರು ಮಾಡಿ ಎಲ್ಲರಿಗೂ ತಟ್ಟೆ ಹಾಕಿದಳು. ಅವ್ವ ಕೂರಲಿಲ್ಲ.

"ನೀವು ಉಣ್ರಪ್ಪ. ನಂಗೆ ಹಸಿವಿಲ್ಲ."

"ಬಾರವ್ವ, ಎಷ್ಟು ದಿನ ಆಯ್ತು" ಅಂದ ಚಿಕ್ಕಪ್ಪ.

"ಉಣ್ಣು ಅಂದ್ನಲ್ಲ."

ಅವನು ಕೈ ತೊಳೆದು ಜಗಲಿಗೆ ಹೋದ ಮೇಲೆ ಅವ್ವ ಒಲೆ ಮುಂದೆ ಒಬ್ಬಳೇ ಕೂತು ಉಂಡಳು. ಮಾರನೆಯ ದಿನವೂ ಹಾಗೇ. ಅವನು ರಜೆಗೆ ಬಂದಾಗಲೆಲ್ಲ ಹಾಗೇ. ಮಾತಾಡುತ್ತಾಳೆ, ತಲೆಗೆ ಎಣ್ಣೆ ಹಚ್ಚುತ್ತಾಳೆ, ಅವನಿಗಾಗಿ ಮಜ್ಜಿಗೆ ಎತ್ತಿಡುತ್ತಾಳೆ, ಅವನ ಜೊತೆ ಒಂದೇ ಸಾಲಿನಲ್ಲಿ ಮಾತ್ರ ಕೂರುವುದಿಲ್ಲ. ಸಮುದ್ರ ದಾಟಿ ಕಂಡಕಂಡಲ್ಲಿ ತಿಂದವನು ಅಂತ ಮೈಲಿಗೆ ಇರಬೇಕು ಅಂತ ಅಪ್ಪ ಅಂದುಕೊಂಡ. ಚಿಕ್ಕಪ್ಪನಿಗೆ ಬೇರೆಯೇ ಗುಮಾನಿ.

"ನಾನು ಹಾರೋದು ಅವ್ವಂಗೆ ಗೊತ್ತಾಗೈತೆ ಕಣೇ ಜಯಾ. ಸುಳ್ಳು ಹೇಳಿದ್ದಕ್ಕೆ ಇದು ಶಿಕ್ಷೆ."

"ಹಂಗಾದ್ರೆ ಕೇಳಿಬುಡು."

"ಕೇಳಿದ ಮೇಲೆ, ಅವ್ಳಿಗೆ ಗೊತ್ತೇ ಇಲ್ಲ ಅಂತಾದ್ರೆ? ನಾನೇ ಬಾಯಿಬಿಟ್ಟಂಗಾಗುತ್ತೆ. ಅವ್ಳ ಎದೆ ತಡ್ಕೊಳಲ್ಲ."

ಹೀಗೇ ಶೋಭಾ ಬೆಳೆದು ಮದುವೆಯಾಗುವಷ್ಟು ಕಾಲ ಹೋಯಿತು. ಚಿಕ್ಕಪ್ಪ ಮದುವೆಯಾಗಲಿಲ್ಲ. ಕೆಲಸ ಮುಗಿಸಿ ಬಂದು ಇದೇ ಮನೆಯಲ್ಲಿ ತೋಟ ನೋಡಿಕೊಂಡು ನಿಂತ. ವರ್ಷಕ್ಕೆ ಒಂದೆರಡು ಸಲ ಚೀಲ ಹಿಡಿದು, ಮೊದಲು ಕೆಲಸದಲ್ಲಿದ್ದ ಕೊಚ್ಚಿಗೆ ಹೋಗಿಬರುತ್ತಾನೆ. ಅವನು ಹೋದಾಗ ಅವ್ವ ಅನ್ನ ಮುಟ್ಟುವುದೇ ಕಡಿಮೆ. ಅವಳಿಗೀಗ ಎಂಬತ್ತು ದಾಟಿದೆ. ಈಚೆಗೆ ಮೈ ಕರಗಿ ಬರೀ ಎಲುಬು. ಹೋದ ತಿಂಗಳು ಚಿಕ್ಕಪ್ಪ ನನ್ನ ಹತ್ತಿರ, "ಒಂದು ಹೊತ್ತು ಜೊತೆಗೆ ಉಣ್ಣದೇನೇ ಹೋಗಿಬಿಡ್ತಾಳೇನೋ ಕಣೇ" ಅಂದ. ತೂತಾದ ರೆಕ್ಕೆಯ ಕತೆಯನ್ನು ನಗುನಗುತ್ತಾ ಹೇಳಿದವನು ಇದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ. ಮಗಳ ಹೆರಿಗೆಯ ಜೊತೆಗೆ ಈ ಒಂದು ಹೆದರಿಕೆಯೂ ನನ್ನ ಹೊಟ್ಟೆಯಲ್ಲಿ ಸೇರಿಕೊಂಡಿತು.

ಇವತ್ತು ಮಧ್ಯಾಹ್ನ ನಡುಮನೆಯಲ್ಲಿ ಎಲ್ಲ ಇದ್ದೆವು. ಅಪ್ಪ, ಅಮ್ಮ, ಚಿಕ್ಕಪ್ಪ, ಶೋಭಾ, ಅಳಿಯ. ಕೂಸನ್ನು ಅವ್ವನ ತೊಡೆಯ ಮೇಲೆ ಮಲಗಿಸಿದೆ. ಅದು ಎರಡೂ ಕೈ ಅಗಲಿಸಿ ಪಟಪಟ ಆಡಿಸಿತು. ಎಲ್ಲ ನಕ್ಕೆವು. ನನಗೆ ಸಂತೋಷ ನೆತ್ತಿಗೇರಿತ್ತೋ ಏನೋ, ನಾಲಿಗೆಗೆ ಕಡಿವಾಣವೇ ಇಲ್ಲದೆ ಅಂದುಬಿಟ್ಟೆ.

"ನೋಡವ್ವ, ಹೆಂಗೆ ಆಡಿಸ್ತಾನೆ! ಇವನೂ ಚಿಕ್ಕಪ್ಪನಂಗೆ ವಿಮಾನ ಓಡಿಸ್ತಾನೆ ಅನ್ಸುತ್ತೆ."

ನಗು ನಿಂತಿತು. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಅಪ್ಪ ಅಟ್ಟ ನೋಡತೊಡಗಿದ. ಚಿಕ್ಕಪ್ಪನ ಮುಖದಲ್ಲಿ ರಕ್ತವೇ ಇರಲಿಲ್ಲ. ಮೊಮ್ಮಗ ಬಂದ ದಿನವೇ ಅವ್ವನನ್ನು ನನ್ನ ಬಾಯಿಂದ ಕೊಂದೆ ಅಂದುಕೊಂಡೆ. ಅವ್ವ ಮಾತ್ರ ಕೂಸಿನ ಪಾದ ಸವರುತ್ತಲೇ ಇದ್ದಳು. ತಲೆ ಎತ್ತದೆಯೇ ಕರೆದಳು.

"ಪುಟ್ಟ."

"ಏನವ್ವ?"

"ನೀನಿನ್ನೂ ಮೇಲಕ್ಕೆ ಹೋಗ್ತೀಯೇನ್ಲಾ?"

"ಎಲ್ಲಿಗವ್ವ?"

"ಎಲ್ಲಿಗೆ ಅಂತ ಕೇಳ್ತಾನೆ ನೋಡು. ಅದೇ, ವಿಮಾನ್ದಲ್ಲಿ."

ಚಿಕ್ಕಪ್ಪ ಅವಳ ಹತ್ತಿರ ಸರಿದು ಕೂತ. "ಇಲ್ಲ ಕಣವ್ವ. ಬಿಟ್ಟು ಬಾಳ ವರ್ಷ ಆಯ್ತು. ಬೆನ್ನು ಹಿಡ್ಕೊಂತು, ಡಾಕ್ಟ್ರು ಬ್ಯಾಡ ಅಂದ್ರು. ಆಮೇಲೆ ನೆಲದ ಮೇಲೇ, ಹುಡುಗರಿಗೆ ಪಾಠ ಹೇಳೋ ಕೆಲಸ."

"ಮತ್ತೆ ಕೊಚ್ಚಿ ಕೊಚ್ಚಿ ಅಂತ ಓಡ್ತೀಯಲ್ಲ?"

"ರೈಲಲ್ಲಿ ಹೋಗಿ ಹಳೇ ಜೊತೆಗಾರರನ್ನ ನೋಡ್ಕೊಂಡು ಬತ್ತೀನಿ ಕಣವ್ವ. ಕೂತ್ಕೊಂಡು ಇಸ್ಪೀಟು ಆಡ್ತೀವಿ."

"ಇಸ್ಪೀಟು!" ಅಂದಳು ಅವ್ವ. ಕೂಸು ಬೆಚ್ಚಿತು. "ನಾನಿಲ್ಲಿ ಅನ್ನ ಬಿಟ್ಕೊಂಡು ಕೂತಿರ್ತೀನಿ, ನೀನಲ್ಲಿ ಇಸ್ಪೀಟಾಡ್ತೀಯಾ? ಅಯ್ಯೋ ನಿಮ್ಮ ಬಾಯಿ ಸೇದೋಗ! ಬಿಟ್ಟ ಅಂತ ಒಬ್ರಾದ್ರೂ ನಂಗೆ ಹೇಳ್ಬಾರ್ದಾ?"

"ನಿಂಗೆ ಗೊತ್ತಿತ್ತಾ ಅವ್ವ?" ಅಂದ ಅಪ್ಪ.

"ಅವನು ಸರ್ಕಾರಿ ಬಟ್ಟೆ ಹಾಕ್ಕೊಂಡಿರೋ ಪಟ ನೀನೇ ತಂದು ಗೋಡೆಗೆ ಹಾಕಿದ್ಯಲ್ಲಪ್ಪ. ದಿನಾ ಒರೆಸೋಳು ನಾನು. ಎದೆ ಮೇಲೆ ಎರಡು ರೆಕ್ಕೆ ಐತೆ. ರೆಕ್ಕೆ ಇಟ್ಕೊಂಡು ಯಾವನ್ಲಾ ಹಡಗು ನಡೆಸ್ತಾನೆ? ನೀವೆಲ್ಲ ಸೇರ್ಕೊಂಡು ಹಡಗು ಅಂತಿದ್ರಿ, ನಾನೂ ಹಡಗು ಅಂದೆ. ಬಾಯಿಬಿಟ್ಟು ಹೇಳಿದ್ರೆ ಎಲ್ಲಿ ಏನಾಗ್ಬಿಡುತ್ತೋ ಅಂತ."

ಆಮೇಲೆ ಹರಕೆಯ ವಿಷಯ ಹೇಳಿದಳು. ನಾನು ನೋವು ತಿನ್ನುತ್ತಿದ್ದ ಆ ಸಂಜೆ ದೇವರ ಕೋಣೆಯಲ್ಲಿ ಊರದೇವತೆ ಅಮ್ಮನವರಿಗೆ ಹೊತ್ತದ್ದು. ಇವನು ಎಷ್ಟು ಸಲ ಮೇಲೆ ಹೋಗುತ್ತಾನೋ ಅಷ್ಟು ಸಲವೂ ಕೆಳಗಿಳಿಸು. ಹೋಗುವುದನ್ನು ಬಿಡುವವರೆಗೆ ಅವನ ಜೊತೆ ಕೂತು ಉಣ್ಣುವ ಸುಖ ನಿನಗೆ ಬಿಟ್ಟುಕೊಟ್ಟೆ, ಅಂತ. ಕೊಡುವುದಕ್ಕೆ ಅವಳ ಹತ್ತಿರ ಅದಕ್ಕಿಂತ ದೊಡ್ಡದು ಇನ್ನೇನೂ ಇರಲಿಲ್ಲ. ನಾವೋ, ಅವನು ಹಾರುವುದನ್ನೇ ಅವಳಿಗೆ ಹೇಳಿರಲಿಲ್ಲ. ಇನ್ನು ಹಾರುವುದು ನಿಂತಿತು ಅಂತ ಹೇಳುವುದು ಯಾರಿಗೆ ಹೊಳೆಯಬೇಕು? ಅವನು ಪಂಚೆ ಎತ್ತಿಕಟ್ಟಿಕೊಂಡು ತೋಟಕ್ಕೆ ನೀರು ಹಾಯಿಸುತ್ತಿದ್ದಷ್ಟು ವರ್ಷವೂ ಅವ್ವ ಅವನನ್ನು ಆಕಾಶದಿಂದ ಇಳಿಸಿಕೊಳ್ಳುತ್ತಲೇ ಇದ್ದಳು.

ಚಿಕ್ಕಪ್ಪ ಎದ್ದು ಹಿತ್ತಲಿಗೆ ಹೋದ. ನೀರು ಸುರಿದುಕೊಳ್ಳುವ ಸದ್ದು ಕೇಳಿಸುತ್ತಲೇ ಇತ್ತು, ಬೇಗ ನಿಲ್ಲಲಿಲ್ಲ. ಅಳಿಯ ಹೋಗಿ ನೋಡಿಕೊಂಡು ಬರುತ್ತೇನೆ ಅಂದರೆ ಅಪ್ಪ ಬೇಡ ಅಂತ ಕೈ ಅಡ್ಡ ಹಿಡಿದ. ಆಮೇಲೆ ಚಿಕ್ಕಪ್ಪ ಒದ್ದೆ ತಲೆಯಲ್ಲೇ ಅಮ್ಮನವರ ಗುಡಿಗೆ ನಡೆದುಹೋಗಿ, ಅವ್ವ ಹೇಳಿದಂತೆ ಕಾಯಿ ಒಡೆಸಿ, ಹರಕೆ ಬಿಡಿಸಿಕೊಂಡು ಬಂದ. ಅವನು ಬರುವವರೆಗೆ ನನ್ನ ಜೀವ ನಿಲ್ಲಲಿಲ್ಲ. ಇಷ್ಟು ವರ್ಷ ಕಾದ ಹರಕೆ ಇನ್ನಿಲ್ಲ. ಇನ್ನು ಮೇಲೆ ಇವನನ್ನು ಕಾಯುವುದು ಯಾರು, ಆ ಎಳೆಗೂಸನ್ನು ಕಾಯುವುದು ಯಾರು ಅಂತೆಲ್ಲ ಮನಸ್ಸು ಓಡಿತು. ನನ್ನ ಮನಸ್ಸಿರುವುದೇ ಹಾಗೆ, ಏನು ಮಾಡಲಿ?

ಸಂಜೆಗೆ ಅಮ್ಮ ಒತ್ತುಶಾವಿಗೆ, ಕಾಯಿಹಾಲು ಮಾಡಿದಳು. ಬಾಣಂತಿ ಅಂತ ಶೋಭಾಗೆ ಬರೀ ಬೆಳ್ಳುಳ್ಳಿ ಸಾರು, ಅನ್ನ. ಅವಳು ಕೋಣೆಯ ಹೊಸ್ತಿಲಲ್ಲೇ ತಟ್ಟೆ ಇಟ್ಟುಕೊಂಡು ನಮ್ಮ ತಟ್ಟೆಗಳ ಕಡೆ ನೋಡಿ ಗೊಣಗುತ್ತಿದ್ದಳು. ಅವ್ವ ಗೋಡೆ ಹಿಡಿದುಕೊಂಡು ಬಂದು ಚಾಪೆಯ ಮೇಲೆ ಕೂತಳು. ಪಕ್ಕದಲ್ಲಿ ಚಿಕ್ಕಪ್ಪ, ಆಮೇಲೆ ಅಪ್ಪ, ಅಳಿಯ, ನಾನು. ಬಡಿಸಿ ಮುಗಿಸಿದ ಅಮ್ಮನನ್ನೂ ಅವ್ವ ಬಿಡದೆ ಕೂರಿಸಿದಳು. ಹಲ್ಲಿಲ್ಲದ ಅವ್ವ ಶಾವಿಗೆಯನ್ನು ಎಳೆ ಎಳೆಯಾಗಿ ಬಾಯಿಗಿಟ್ಟುಕೊಳ್ಳುತ್ತಿದ್ದಳು. ಚಿಕ್ಕಪ್ಪ ಉಣ್ಣುವುದು ಬಿಟ್ಟು ಅವಳನ್ನೇ ನೋಡುತ್ತಾ ಕೂತಿದ್ದ.

"ಏನ್ಲಾ ನೋಡ್ತೀಯಾ? ಆರೋಗುತ್ತೆ, ಉಣ್ಣು" ಅಂದಳು ಅವ್ವ.

ಅವನು ಉಂಡ. ಅವ್ವ ಇನ್ನೊಂದು ಸಲ ಹಾಕಿಸಿಕೊಂಡಳು. ಅವಳು ಕೈ ತೊಳೆಯುವವರೆಗೆ ನಮ್ಮಲ್ಲಿ ಯಾರೂ ಏಳಲಿಲ್ಲ.